ಮದುವೇಲಿ ಮಾತಾಡೋರು ಯಾರು? ಮಂತ್ರ, ಪ್ರತಿಜ್ಞೆ, ಆಶೀರ್ವಾದ ಆರಿಸ್ಕೊಳ್ಳೋರಿಗೆ ಒಂದು ಹೋಲಿಕೆ

ನನ್ನ ಮದುವೇಲಿ ನಾನು ಮೂರು ಸಲ "ನಾತಿಚರಾಮಿ" ಅಂದಿದೀನಿ. ವಿಡಿಯೋ ನೋಡಿದ ಮೇಲೇನೇ ನಂಗೆ ಗೊತ್ತಾಗಿದ್ದು. ಪುರೋಹಿತರು ಹೇಳ್ಕೊಟ್ಟಿದ್ದನ್ನ ಗಿಣಿಪಾಠ ಒಪ್ಪಿಸ್ತಾ ಇದ್ದೆ, ಹೊಗೆಗೆ ಕಣ್ಣು ಉರೀತಿತ್ತು, ಈ ಕಡೆ ಫೋಟೋಗ್ರಾಫರ್ರು "ಸಾರ್ ಸ್ವಲ್ಪ ತಲೆ ಎತ್ತಿ" ಅಂತಿದ್ರು, ಆ ಕಡೆ ಸೋದರಮಾವ ಮೊದಲನೇ ಪಂಕ್ತಿಗೆ ಎಲೆ ಹಾಕ್ಸೋದಾ ಅಂತ ಕೈಸನ್ನೇಲಿ ಕೇಳ್ತಿದ್ರು. ಎರಡು ವರ್ಷ ಆದ್ಮೇಲೆ ಒಂದಿನ ರಾತ್ರಿ ಊಟಕ್ಕೆ ಕೂತಾಗ ಹೆಂಡ್ತಿ ಕೇಳಿದ್ಲು, "ಅವತ್ತು ನಮ್ಮಪ್ಪಂಗೆ ಏನು ಮಾತು ಕೊಟ್ಟೆ ನೀನು?" ಅಂತ. ಫೋನ್ ತೆಗ್ದು ಹುಡುಕಿ ಹೇಳ್ಬೇಕಾಯ್ತು. ಧರ್ಮದಲ್ಲಿ, ಅರ್ಥದಲ್ಲಿ, ಕಾಮದಲ್ಲಿ ಇವಳನ್ನ ಮೀರಿ ನಡೆಯಲ್ಲ ಅಂತ. ಅರ್ಥ ಅಂದ್ರೆ ದುಡ್ಡು ಅಂತ ಅವಳಿಗೆ ಗೊತ್ತಾಗಿದ್ದೇ ತಡ, ಅವತ್ತಿಂದ ಕ್ರೆಡಿಟ್ ಕಾರ್ಡ್ ಬಿಲ್ ಬಂದಾಗೆಲ್ಲ ನಾತಿಚರಾಮಿ ಅಂತಾಳೆ.

ಅದಾದ್ಮೇಲೆ ಈ ವಿಷಯ ನಂಗೆ ಒಂಥರಾ ಹುಚ್ಚಾಗಿ ಅಂಟ್ಕೊಂಡ್ತು. ಯಾರ ಮದುವೆಗೆ ಹೋದ್ರೂ ಊಟಕ್ಕಿಂತ ಮುಂಚೆ ಮಂಟಪದ ಹತ್ರ ಹೋಗಿ ಏನು ಹೇಳ್ತಿದಾರೆ ಅಂತ ಕೇಳಿಸ್ಕೊಳ್ಳೋದು. ಈಗ ಕಸಿನ್ಸು, ಆಫೀಸಿನವ್ರು ಎಲ್ಲ "ಅಣ್ಣಾ, ನಮಗೆ ಯಾವ ಥರ ಮಾಡ್ಕೊಂಡ್ರೆ ಸರಿ ಹೋಗತ್ತೆ" ಅಂತ ಕೇಳ್ತಾರೆ, ಅದ್ರಲ್ಲೂ ಹುಡುಗ ಒಂದು ಕಡೆಯವನು ಹುಡುಗಿ ಇನ್ನೊಂದು ಕಡೆಯವಳು ಆದ್ರಂತೂ ಗ್ಯಾರಂಟಿ ಫೋನ್ ಬರತ್ತೆ. ಅವರಿಗೆಲ್ಲ ಒಂದೊಂದೇ ಹೇಳೋ ಬದಲು ಇಲ್ಲೇ ಬರೆದಿಡ್ತೀನಿ.

ಎಲ್ಲರಿಗೂ ನಾನು ಮೊದ್ಲು ಕೇಳೋದು ಒಂದೇ ಪ್ರಶ್ನೆ. ನಿಮ್ಮ ಮದುವೇಲಿ ಯಾರು ಮಾತಾಡ್ಬೇಕು? ನೀವಿಬ್ರೂ ಬಾಯಿ ಬಿಟ್ಟು ಹೇಳ್ಬೇಕಾ, ಪುರೋಹಿತರು ನಿಮ್ಮ ಪರವಾಗಿ ಹೇಳಿದ್ರೆ ಸಾಕಾ, ಇಲ್ಲಾ ನೀವು ಸುಮ್ನೆ ಕೂತಿದ್ದು ಬಂದೋರು ಹರಸಿ ಹೋದ್ರೆ ಸಾಕಾ? ನಮ್ಮ ರಾಜ್ಯದ ಮದುವೆಗಳನ್ನ ಜಾತಿ ಧರ್ಮ ಅಂತ ಬೇರೆ ಮಾಡೋದಕ್ಕಿಂತ ಹೀಗೆ ಬೇರೆ ಮಾಡಿ ನೋಡಿದ್ರೆ ಆಯ್ಕೆ ಸಲೀಸು, ನನ್ನ ಪ್ರಕಾರ.

ಮಂತ್ರದ ಮದುವೆ, ಅಂದ್ರೆ ಸಪ್ತಪದಿ

ಇಲ್ಲಿ ಮಾತೆಲ್ಲ ಗಂಡಿಂದೇ. ಅದೂ ಪುರೋಹಿತರ ಬಾಯಲ್ಲಿ ಹುಟ್ಟಿ ಗಂಡಿನ ಬಾಯಲ್ಲಿ ಅರ್ಧಂಬರ್ಧ ಬರೋದು. ಹೆಣ್ಣು ಹೆಜ್ಜೆ ಇಡ್ತಾಳೆ, ಹೇಳೋದು ಅವನು. ಆಶ್ವಲಾಯನ ಪದ್ಧತಿಯವರಲ್ಲಿ ಏಳು ಹೆಜ್ಜೆ ಹೀಗಿದೆ: ಮೊದಲನೇದು ಅನ್ನಕ್ಕೆ, ಎರಡನೇದು ಶಕ್ತಿಗೆ, ಮೂರನೇದು ಸಂಪತ್ತು ಬೆಳೆಯೋಕೆ, ನಾಲ್ಕನೇದು ಸುಖಕ್ಕೆ, ಐದನೇದು ಮಕ್ಕಳಿಗೆ, ಆರನೇದು ಋತುಗಳಿಗೆ, ಏಳನೇದಕ್ಕೆ ಬಂದ್ರೆ "ಸಖಾ ಸಪ್ತಪದೀ ಭವ", ಏಳು ಹೆಜ್ಜೆ ನಡೆದೆ, ಇನ್ನು ನೀನು ನನ್ನ ಗೆಳತಿಯಾಗು. ಅಷ್ಟೇ. ವಾಟ್ಸಾಪಲ್ಲಿ ಓಡಾಡೋ ಆ ಉದ್ದುದ್ದ "ಏಳು ವಚನ"ಗಳ ಪಕ್ಕ ಇದನ್ನ ಇಟ್ಟು ನೋಡಿ, ಇದೆಷ್ಟು ಚಿಕ್ಕದು, ಎಷ್ಟು ಚಂದ. ಅನ್ನದಿಂದ ಶುರು ಮಾಡಿ ಗೆಳೆತನಕ್ಕೆ ಮುಗಿಸಿದಾರೆ ಪುಣ್ಯಾತ್ಮರು. ಆಪಸ್ತಂಬ, ಬೋಧಾಯನದವರಲ್ಲಿ ಪದಗಳು ಸ್ವಲ್ಪ ಬೇರೆ, ಹಾಗಾಗಿ ನಿಮ್ಮ ಮನೇದು ಯಾವ ಸೂತ್ರ, ಅಂದ್ರೆ ಮನೆ ವಿಧಿಗಳಿಗೆ ಯಾವ ಋಷಿಯ ಪದ್ಧತಿ, ಅಂತ ಅಜ್ಜಂದಿರನ್ನ ಕೇಳ್ಕೊಂಡು ಅದನ್ನೇ ಓದಿ.

ಎಲ್ಲ ಸಾಲೂ ಹೀಗೇ ಇರತ್ತೆ ಅಂದ್ಕೋಬೇಡಿ. ಋಗ್ವೇದದ 10ನೇ ಮಂಡಲದ 85ನೇ ಸೂಕ್ತ ಪೂರ್ತಿ ಮದುವೇದೇ, ಸೂರ್ಯಾ ಅನ್ನೋ ವಧುವಿನ ಮದುವೆ. ಅದ್ರಲ್ಲಿ "ದಶಾಸ್ಯಾಂ ಪುತ್ರಾನಾಧೇಹಿ" ಅಂತ ಒಂದು ಸಾಲಿದೆ, ಇವಳಿಗೆ ಹತ್ತು ಗಂಡು ಮಕ್ಕಳನ್ನ ಕೊಡು, ಗಂಡನನ್ನ ಹನ್ನೊಂದನೆಯವನನ್ನಾಗಿ ಮಾಡು ಅಂತ. ನನ್ನ ಅತ್ತಿಗೆ ಇದರ ಅರ್ಥ ಕೇಳಿ "ಹನ್ನೊಂದನೇದು ಮಾತ್ರ ನಿಜ ಆಗಿದೆ" ಅಂದ್ರು. ಅದೇ ಸೂಕ್ತದಲ್ಲೇ "ಇಹೈವ ಸ್ತಂ ಮಾ ವಿ ಯೌಷ್ಟಂ" ಅಂತಾನೂ ಇದೆ: ಇಬ್ರೂ ಇಲ್ಲೇ ಇರಿ, ಅಗಲಬೇಡಿ, ತುಂಬು ಆಯುಸ್ಸು ಅನುಭವಿಸಿ, ಮಕ್ಕಳು ಮೊಮ್ಮಕ್ಕಳ ಜೊತೆ ಆಡ್ಕೊಂಡು ನಿಮ್ಮ ಮನೇಲಿ ನಲಿದಾಡಿ. ಕಾರ್ಡಲ್ಲಿ ಬರೆಯೋಕೆ ಸಾಲು ಹುಡುಕ್ತಿರೋರಿಗೆ ಇದಕ್ಕಿಂತ ಬೇಕಾ?

ಇನ್ನು ತಾಳಿ ಕಟ್ಟೋ ಹೊತ್ತು. "ಮಾಂಗಲ್ಯಂ ತಂತುನಾನೇನ ಮಮ ಜೀವನಹೇತುನಾ", ನನ್ನ ಬದುಕಿಗೆ ಕಾರಣವಾದ ಈ ದಾರಾನ ನಿನ್ನ ಕೊರಳಿಗೆ ಕಟ್ತೀನಿ, ನೂರು ಶರತ್ಕಾಲ ಬಾಳು. ಇಡೀ ಮದುವೇಲಿ ಎಲ್ಲರ ಕಣ್ಣೂ ಅಲ್ಲೇ ಇರತ್ತೆ, ಆದ್ರೆ ಒಬ್ಬರ ಕಿವಿಗೂ ಬೀಳಲ್ಲ, ಯಾಕಂದ್ರೆ ಆ ಕ್ಷಣಕ್ಕೇ "ಗಟ್ಟಿಮೇಳ ಗಟ್ಟಿಮೇಳ" ಅಂತ ಕೂಗಿ ಡೋಲು ನಾದಸ್ವರ ಎಲ್ಲ ಒಟ್ಟಿಗೆ ಎತ್ತುತ್ತಾರೆ. ಕೆಟ್ಟ ಮಾತು, ಸೀನು ಕಿವಿಗೆ ಬೀಳಬಾರದು ಅಂತ ಗಟ್ಟಿಮೇಳ ಅಂತಾರೆ, ಒಳ್ಳೇ ಮಾತೂ ಅದರಲ್ಲೇ ಮುಚ್ಚಿ ಹೋಗತ್ತೆ.

ಈ ದಾರಿ ಆರಿಸ್ಕೊಳ್ಳೋರಿಗೆ ನಾನು ಹೇಳೋದು, ಪುರೋಹಿತರನ್ನ ಮದುವೆ ದಿನ ಅಲ್ಲ, ವಾರದ ಮುಂಚೆನೇ ಹೋಗಿ ನೋಡಿ. ಪ್ರತಿ ಘಟ್ಟಕ್ಕೂ ಎರಡು ಸಾಲು ಕನ್ನಡದಲ್ಲಿ ಅರ್ಥ ಹೇಳಿ ಅಂತ ಕೇಳ್ಕೊಳ್ಳಿ. ಸುಮಾರು ಜನ ಖುಷಿಯಿಂದ ಒಪ್ತಾರೆ, ಅರ್ಥ ಕೇಳೋರು ಸಿಕ್ಕಿದ್ರಲ್ಲ ಅಂತ. ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯತ್ತೆ, ಅಷ್ಟೇ, ಮುಹೂರ್ತದ ಮುಂಚೆ ಅದಕ್ಕೆ ಜಾಗ ಮಾಡ್ಕೊಳ್ಳಿ. ನಾತಿಚರಾಮೀನ ಹೆಣ್ಣೂ ಹೇಳ್ತೀನಿ ಅಂದ್ರೆ ಕೆಲವರು ಒಪ್ತಾರೆ ಕೆಲವರು ಮುಖ ಗಂಟು ಹಾಕ್ತಾರೆ, ಅದನ್ನೂ ಮುಂಚೆನೇ ತೀರ್ಮಾನ ಮಾಡ್ಕೊಳ್ಳಿ, ಮಂಟಪದಲ್ಲಿ ವಾದ ಬೇಡ. ಅರುಂಧತಿ ನಕ್ಷತ್ರ ಮಾತ್ರ ಹಗಲು ಹನ್ನೊಂದು ಗಂಟೆಗೆ ಚೌಟ್ರಿ ಬಾಗಿಲಲ್ಲಿ ನಿಂತು ನೋಡಿದ್ರೆ ಯಾರಿಗೂ ಕಾಣಲ್ಲ, ಕಾಣಿಸ್ತು ಅಂತ ಎಲ್ಲರೂ ಹೇಳ್ತಾರೆ, ಮದುವೇಲಿ ಗಂಡ ಹೆಂಡ್ತಿ ಜೊತೇಲಿ ಹೇಳೋ ಮೊದಲನೇ ಸುಳ್ಳು ಅದು. ಬೇಕಾದ್ರೆ ರಾತ್ರಿ ನಿಜವಾಗ್ಲೂ ನೋಡಿ, ಸಪ್ತರ್ಷಿ ಮಂಡಲದ ಬಾಲದಲ್ಲಿ ಮಧ್ಯದ್ದು ವಸಿಷ್ಠ, ಅದರ ಮಗ್ಗುಲಲ್ಲೇ ಚುಕ್ಕಿ ಥರ ಅಂಟ್ಕೊಂಡಿರೋದು ಅರುಂಧತಿ.

ಕಾನೂನಿನ ಕಡೆಯಿಂದ ಇದು ಗಟ್ಟಿ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಗಂಡು ಅಥವಾ ಹೆಣ್ಣು ಯಾರೋ ಒಬ್ಬರ ಕಡೆಯ ಸಂಪ್ರದಾಯದಂತೆ ನಡೆದ್ರೆ ಮದುವೆ ಆದ ಹಾಗೆ, ಸಪ್ತಪದಿ ಇರೋ ಸಂಪ್ರದಾಯ ಆದ್ರೆ ಏಳನೇ ಹೆಜ್ಜೆಗೆ ಮದುವೆ ಪೂರ್ತಿ. ಉಲ್ಟಾನೂ ನೆನಪಿಡಿ. 2024ರಲ್ಲಿ ಸುಪ್ರೀಂ ಕೋರ್ಟು, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದ ಪೀಠ, ವಿಧಿ ಏನೂ ನಡೆಸದೆ ಬರೀ ಸರ್ಟಿಫಿಕೇಟ್ ಮಾಡಿಸ್ಕೊಂಡ್ರೆ ಅದು ಹಿಂದೂ ಮದುವೆ ಆಗಲ್ಲ ಅಂತ ಹೇಳ್ತು. ವೀಸಾಗೆ ಅಂತ ಮೊದ್ಲೇ ರಿಜಿಸ್ಟರ್ ಮಾಡಿಸ್ಕೊಂಡು ಆರು ತಿಂಗಳ ಮೇಲೆ ಮಂಟಪಕ್ಕೆ ಹೋಗೋಣ ಅನ್ನೋರು ಇದನ್ನ ಎರಡೆರಡು ಸಲ ಓದ್ಕೊಳ್ಳಿ.

ಯಾರೂ ಏನೂ ಹೇಳದ ಮದುವೆ

ನಮ್ಮ ಹಾಸನದ ಕಡೆ ಹಳ್ಳಿ ಮದುವೇಲಿ ಧಾರೆನೇ ಮುಖ್ಯ. ಇಬ್ಬರ ಕೈ ಜೋಡಿಸಿ ಮೇಲೊಂದು ತೆಂಗಿನಕಾಯಿ ಇಟ್ಟು ಹೆತ್ತೋರು ಹಾಲು ಹುಯ್ತಾರೆ, ಆಮೇಲೆ ನೆಂಟರೆಲ್ಲ ಒಬ್ಬೊಬ್ಬರಾಗಿ. ಪುರೋಹಿತರ ಮಂತ್ರ ಹಿಂದೆ ನಡೀತಿರತ್ತೆ ನಿಜ, ಆದ್ರೆ ಧಾರೆ ಹುಯ್ಯೋ ಅಜ್ಜಿಗೆ ಅದು ಕೇಳಲ್ಲ, ಅವಳು ಬಾಯಲ್ಲೇ "ನೂರ್ಕಾಲ ಬಾಳ್ರವ್ವ" ಅಂತ ಗೊಣಗಿ ಸೆರಗಲ್ಲಿ ಕಣ್ಣೊರೆಸ್ಕೊಂಡು ಹೋಗ್ತಾಳೆ.

ಇದನ್ನೇ ಪೂರ್ತಿ ಮದುವೆ ಮಾಡಿರೋರು ಕೊಡವರು. ಪುರೋಹಿತರೇ ಇಲ್ಲ. ಹೋಮ ಇಲ್ಲ. ನಮ್ಮ ಆಫೀಸಿನ ಒಬ್ಬ ಹುಡುಗನ ಮದುವೆಗೆ ವಿರಾಜಪೇಟೆಗೆ ಹೋಗಿದ್ದೆ. ಕುಪ್ಯ ಅನ್ನೋ ಬಿಳೀ ಉದ್ದನೆ ನಿಲುವಂಗಿ ಹಾಕಿ, ಸೊಂಟಕ್ಕೆ ಕೆಂಪು ಚೇಲೆ ಬಿಗಿದು ಅದರಲ್ಲಿ ಪೀಚೆಕತ್ತಿ ಸಿಗಿಸ್ಕೊಂಡು ಮೂರು ಕಾಲಿನ ಮುಕ್ಕಾಲಿ ಮೇಲೆ ಕೂತಿದ್ದ. ಜನ ಸಾಲಾಗಿ ಬರ್ತಾರೆ. ಅಕ್ಕಿ ತಗೊಂಡು ಮೊದ್ಲು ಮಂಡಿ ಮೇಲೆ, ಆಮೇಲೆ ಭುಜ, ಆಮೇಲೆ ತಲೆ ಮೇಲೆ ಹಾಕ್ತಾರೆ, ಕಿಂಡಿ ಅನ್ನೋ ಕೊಕ್ಕಿನ ಚೊಂಬಲ್ಲಿ ಒಂದು ಗುಟುಕು ಹಾಲು ಕುಡಿಸ್ತಾರೆ, ಕೈಗೆ ದುಡ್ಡು ಇಡ್ತಾರೆ, ಹೋಗ್ತಾರೆ. ಒಬ್ಬರಲ್ಲ ಇಬ್ಬರಲ್ಲ, ಇಡೀ ಹಾಲ್. ನಾನು ನಿಂತಿದ್ದ ಸಾಲಲ್ಲಿ ನನ್ನ ಮುಂದೆ ಒಬ್ಬರು ಅಜ್ಜಿ ಇದ್ರು, ಬೆನ್ನು ಬಗ್ಗಿ ಹೋಗಿತ್ತು, ಹುಡುಗನ ತಲೆಗೆ ಕೈ ಎಟುಕಲಿಲ್ಲ, ಅವನೇ ತಲೆ ತಗ್ಗಿಸಿ ಅವರ ಕೈ ಹತ್ರ ತಂದ. ಅವರು ಏನೂ ಹೇಳ್ಲಿಲ್ಲ, ಅಕ್ಕಿ ಹಾಕಿದ ಕೈಯನ್ನ ಅಲ್ಲೇ ಸ್ವಲ್ಪ ಹೊತ್ತು ಇಟ್ಟಿದ್ರು. ನನ್ನ ಸರದಿ ಬಂದಾಗ ಅವನ ಕುಪ್ಯದ ಮಡಿಲ ತುಂಬಾ ಅಕ್ಕಿ, ಹಾಲು ಕುಡಿದೂ ಕುಡಿದೂ ಹೊಟ್ಟೆ ತುಂಬಿ "ಸಾರ್ ತುಟಿಗೆ ಮುಟ್ಟಿಸಿ ಸಾಕು" ಅಂತ ಪಿಸುಗುಟ್ಟಿದ. ಕೊಡವರಲ್ಲಿ ಹೆಣ್ಣಿಗೆ ಪತ್ತಾಕ್, ಅಂದ್ರೆ ಅವರ ತಾಳಿ, ಕಟ್ಟೋದು ಗಂಡಲ್ಲ, ಅವಳ ತಾಯಿ. ಇದನ್ನ ಮೊದಲ ಸಲ ಕೇಳಿದಾಗ ನಂಗೆ ತಲೆ ತಿರುಗಿ ಹೋಗಿತ್ತು.

ಹಾಗಂತ ನೀವು ಕೊಡವರಲ್ಲದೆ ಇದನ್ನ ನಕಲು ಮಾಡಿ ಕುಪ್ಯ ಬಾಡಿಗೆಗೆ ತಂದು ಹಾಕ್ಕೊಳ್ಳಿ ಅಂತ ಹೇಳ್ತಿಲ್ಲ, ದಯವಿಟ್ಟು ಬೇಡ. ಆದ್ರೆ ಮೈಕಲ್ಲಿ ನಿಂತು ಪ್ರತಿಜ್ಞೆ ಓದೋದು ನಮ್ಮಿಂದ ಆಗಲ್ಲ, ನಾಚಿಕೆ ಅನ್ನೋ ಜೋಡಿಗಳು ಬಹಳ ಇದಾರೆ, ಅವರಿಗೆ ನಿಮ್ಮದೇ ಮನೆ ಧಾರೆ ಸಾಕು, ಹಿರಿಯರು ಹಾಲು ಹುಯ್ದು ಹರಸಿದ್ರೆ ಅದೇ ಮಾತು ಅಂತ ಧೈರ್ಯವಾಗಿ ಹೇಳ್ತೀನಿ.

ಮಂತ್ರಮಾಂಗಲ್ಯ

1966ರಲ್ಲಿ ತೇಜಸ್ವಿ ಮದುವೆಗೆ ಅಂತ ಕುವೆಂಪು ರೂಪಿಸಿದ್ದು. ಅದಕ್ಕೆ ಮುಂಚೆ ಬರೀ ಪುರೋಹಿತರನ್ನ ಬಿಡೋ ಮದುವೆಗಳು ಬೇರೆ ಕಡೆ ಇದ್ವು, ಆದ್ರೆ ಇವರು ಮಂತ್ರಾನ ಬಿಡ್ಲಿಲ್ಲ, ಮಂತ್ರವನ್ನ ಹೇಳೋ ಅಧಿಕಾರ ಒಬ್ಬರದ್ದೇ ಅನ್ನೋದನ್ನ ಬಿಟ್ರು. ಉಪನಿಷತ್ತಿನ ಸಾಲುಗಳಿರತ್ತೆ, ಕನ್ನಡದಲ್ಲಿ ಅರ್ಥ ಇರತ್ತೆ, ಯಾರಾದ್ರೂ ಹಿರಿಯರೋ ಸ್ನೇಹಿತರೋ ಓದ್ತಾರೆ, ಗಂಡು ಹೆಣ್ಣು ಇಬ್ರೂ ಕೇಳಿಸ್ಕೊಂಡು ಹೇಳ್ತಾರೆ. ಯಾರೂ ನಿಮಗಿಂತ ಮೇಲಲ್ಲ, ಯಾರೂ ನಿಮಗಿಂತ ಕೀಳಲ್ಲ ಅನ್ನೋ ಅರ್ಥದ ಘೋಷಣೆ ಬರತ್ತಲ್ಲ, ಅಲ್ಲಿಗೆ ಬಂದಾಗ ಎಷ್ಟು ಸಲ ಕೇಳಿದ್ರೂ ಮೈ ಜುಂ ಅನ್ನತ್ತೆ. ವರದಕ್ಷಿಣೆ ಇಲ್ಲ, ರಾಹುಕಾಲ ಗುಳಿಕಕಾಲ ಇಲ್ಲ, ದುಂದು ಇಲ್ಲ, ತಾಳಿ ಬೇಕಾದ್ರೆ ಉಂಟು ಬೇಡಾದ್ರೆ ಹಾರ ಸಾಕು.

ನಾನು ನೋಡಿರೋ ಮಂತ್ರಮಾಂಗಲ್ಯಗಳಲ್ಲಿ ಕೆಲವು ಅರ್ಧ ಗಂಟೇಲಿ ಮುಗ್ದು, ಬಂದೋರು ಕಣ್ಣೊರೆಸ್ಕೊಂಡು ಮೈಸೂರ್ ಪಾಕ್ ತಿಂದು ಮನೆಗೆ ಹೋದ್ರು. ಇನ್ನು ಕೆಲವದ್ರಲ್ಲಿ ಒಬ್ಬೊಬ್ಬ ಸಾಹಿತಿಗೂ ಮೈಕ್ ಕೊಟ್ಟು ಎರಡೂವರೆ ಗಂಟೆ ಭಾಷಣ. ಇದು ಈ ದಾರಿಯ ನಿಜವಾದ ಅಪಾಯ. ಪುರೋಹಿತರನ್ನ ಬಿಟ್ರೆ ಭಾಷಣಕಾರರು ಬಂದು ಕೂತ್ಕೋತಾರೆ. ಓದೋರು ಒಬ್ರು, ಮಾತಾಡೋರು ಹೆಚ್ಚಂದ್ರೆ ಇಬ್ರು ಅಂತ ಮೊದ್ಲೇ ಹೇಳ್ಬಿಡಿ. ಇನ್ನೊಂದು, ಐದು ಸಾವಿರ ಜನರನ್ನ ಕರ್ದು, ಡ್ರೋನ್ ಬಿಟ್ಟು, ಮೂರು ಥರ ಚಾಟ್ ಕೌಂಟರ್ ಇಟ್ಟು, ಮಂಟಪದಲ್ಲಿ ಮಾತ್ರ ಮಂತ್ರಮಾಂಗಲ್ಯ ಅನ್ನೋದು ನಂಗೆ ಸರಿ ಕಾಣಲ್ಲ. ನಿಮ್ಮ ದುಡ್ಡು ನಿಮ್ಮಿಷ್ಟ, ಆದ್ರೆ ಆ ಹೆಸರು ಬೇಡ.

ಕಾನೂನಿಗೆ ಬಂದ್ರೆ ಎಚ್ಚರ. ತಮಿಳುನಾಡಲ್ಲಿ ಸ್ವಾಭಿಮಾನ ಮದುವೆಗಳಿಗೆ 1967ರಲ್ಲಿ ಹಿಂದೂ ವಿವಾಹ ಕಾಯ್ದೆಗೆ 7ಎ ಅಂತ ಸೇರಿಸಿ ಹಾರ ಉಂಗುರ ತಾಳಿ ಯಾವುದಾದ್ರೂ ಸರಿ, ಪುರೋಹಿತರು ಬೇಡ ಅಂತ ಮಾಡಿದ್ರು. ಆ ತಿದ್ದುಪಡಿ ಆ ರಾಜ್ಯದ್ದು, ಕರ್ನಾಟಕಕ್ಕೆ ಅನ್ವಯ ಆಗಲ್ಲ. ಹಾಗಾಗಿ ಮಂತ್ರಮಾಂಗಲ್ಯ ಮಾಡ್ಕೊಳ್ಳೋರು ಜೊತೇಲಿ ವಿಶೇಷ ವಿವಾಹ ಕಾಯ್ದೇಲಿ ದಾಖಲೆ ಮಾಡಿಸ್ಕೊಳ್ಳೋದು ಕ್ಷೇಮ, ಅದರ ಕಥೆ ಕೆಳಗೆ ಹೇಳ್ತೀನಿ.

ವಚನದ ಮದುವೆ, ಬೌದ್ಧ ಮದುವೆ

ಲಿಂಗಾಯತರಲ್ಲಿ ಈಗ ಎರಡು ದಾರಿ ಕಾಣತ್ತೆ. ಒಂದು ಹಳೇದು, ಪಂಚಕಳಶ ಇಟ್ಟು, ಜಂಗಮರು ಬಂದು, ಮಂಗಲಾಷ್ಟಕ ಹೇಳಿ "ಸಾವಧಾನ" ಅಂದಾಗೆಲ್ಲ ಅಕ್ಕಿಕಾಳು ಹಾಕೋದು. ಇನ್ನೊಂದು ಬರೀ ವಚನಗಳಲ್ಲೇ ನಡೆಸೋದು, ಇಷ್ಟಲಿಂಗ ಪೂಜೆ, ಆಮೇಲೆ ಇಬ್ರೂ ಕನ್ನಡದಲ್ಲೇ ಪ್ರತಿಜ್ಞೆ. ಇದರ ದೊಡ್ಡ ಲಾಭ ಏನಂದ್ರೆ ಅರ್ಥ ಹೇಳೋಕೆ ಯಾರೂ ಬೇಕಾಗಿಲ್ಲ. ಜೇಡರ ದಾಸಿಮಯ್ಯನ "ಸತಿಪತಿಗಳೊಂದಾದ ಭಕ್ತಿ ಹಿತವಾಗಿಪ್ಪುದು ಶಿವಂಗೆ" ಅನ್ನೋ ವಚನ ಹೇಳಿದ್ರೆ ಹತ್ತನೇ ಸಾಲಲ್ಲಿ ಕೂತ ಹೊಲದ ಕೆಲಸದವರಿಗೂ ಅರ್ಥ ಆಗತ್ತೆ, ಒಂದಾಗದಿದ್ರೆ ಅಮೃತಕ್ಕೆ ವಿಷ ಬೆರೆಸಿದ ಹಾಗೆ ಅನ್ನೋ ಮುಂದಿನ ಸಾಲಿಗೆ ಹಿಂದೆ ಕೂತ ಹಳೇ ಜೋಡಿಗಳು ಒಬ್ಬರ ಮುಖ ಒಬ್ಬರು ನೋಡ್ಕೋತಾರೆ. ಹಿಂದೂ ವಿವಾಹ ಕಾಯ್ದೆ ವೀರಶೈವ, ಲಿಂಗಾಯತ ಅಂತ ಹೆಸರು ಹಿಡಿದೇ ಸೇರಿಸಿದೆ, ಜೈನರನ್ನೂ ಬೌದ್ಧರನ್ನೂ ಸೇರಿಸಿದೆ.

ಕಲಬುರಗಿ ಕಡೆ ಬೌದ್ಧ ಮದುವೆಗಳಲ್ಲಿ ತ್ರಿಶರಣ, ಪಂಚಶೀಲ ಹೇಳ್ತಾರೆ. ಬುದ್ಧ ಸಂಸಾರಸ್ಥರಿಗೆ ಹೇಳಿದ ಸಿಗಾಲೋವಾದ ಸುತ್ತದಲ್ಲಿ ಗಂಡನಿಗೆ ಐದು ಹೆಂಡತಿಗೆ ಐದು ಕರ್ತವ್ಯ ಇದೆ, ಎಣಿಸಿ ಸಮಸಮ. ಗಂಡನ ಐದರಲ್ಲಿ ಗೌರವ ಕೊಡೋದು, ಹೀಯಾಳಿಸದೆ ಇರೋದು, ನಿಷ್ಠೆಯಿಂದಿರೋದು, ಮನೆ ಅಧಿಕಾರ ಅವಳ ಕೈಗೆ ಕೊಡೋದು, ಕೊನೇಲಿ ಒಡವೆ ಕೊಡಿಸೋದು. ಕೊನೇದು ಕೇಳಿ ನನ್ನವಳು "ನಮ್ಮದನ್ನೂ ಹಾಗೇ ಮಾಡಿಸ್ಕೋಬೇಕಿತ್ತು" ಅಂದ್ಲು.

ಚರ್ಚು, ನಿಕಾಹ್

ಇಲ್ಲಿ ಇಬ್ರೂ ಬಾಯಿ ಬಿಡ್ಲೇಬೇಕು, ಬಿಟ್ಟಿಲ್ಲ ಅಂದ್ರೆ ಮದುವೇನೇ ಇಲ್ಲ. ಸಿನಿಮಾಗಳಲ್ಲಿ ಕೇಳೋ ಆ "ಒಳ್ಳೇದಕ್ಕೂ ಕೆಟ್ಟದ್ದಕ್ಕೂ, ಸಿರಿತನದಲ್ಲೂ ಬಡತನದಲ್ಲೂ, ಕಾಯಿಲೇಲೂ ಆರೋಗ್ಯದಲ್ಲೂ, ಸಾವು ನಮ್ಮನ್ನ ಬೇರೆ ಮಾಡೋ ತನಕ" ಅನ್ನೋ ಮಾತು 1549ರ ಇಂಗ್ಲೆಂಡಿನ ಪ್ರಾರ್ಥನಾ ಪುಸ್ತಕದ್ದು. ಅದರಲ್ಲಿ ಹೆಣ್ಣು ಮಾತ್ರ "ವಿಧೇಯಳಾಗಿರ್ತೀನಿ" ಅಂತ ಹೆಚ್ಚಿಗೆ ಹೇಳ್ಬೇಕಿತ್ತು, ಈಗ ಅದನ್ನ ಬಹುತೇಕ ಕಡೆ ಬಿಟ್ಟಿದಾರೆ. ಕ್ಯಾಥೊಲಿಕ್ಕರ ಮಾತು ಇನ್ನೂ ಸರಳ, ಸುಖದಲ್ಲೂ ಕಷ್ಟದಲ್ಲೂ ಕಾಯಿಲೇಲೂ ಆರೋಗ್ಯದಲ್ಲೂ ನಿನಗೆ ನಿಷ್ಠನಾಗಿರ್ತೀನಿ, ಬದುಕಿರೋ ತನಕ ಪ್ರೀತಿಸಿ ಗೌರವಿಸ್ತೀನಿ, ಗಂಡೂ ಅದೇ ಹೆಣ್ಣೂ ಅದೇ. ನಮ್ಮ ಮಂತ್ರಗಳಲ್ಲೆಲ್ಲ ನೂರು ವರ್ಷ, ಹತ್ತು ಮಕ್ಕಳು, ಸಂಪತ್ತು ಅಂತ ಬರೀ ಒಳ್ಳೇದೇ ಬರತ್ತೆ, ಕಾಯಿಲೆ ಬಡತನ ಅನ್ನೋ ಪದ ಮದುವೆ ದಿನ ಬಾಯಲ್ಲಿ ತಂದ್ರೆ ನಮ್ಮಜ್ಜಿ "ಬಿಡ್ತು ಅನ್ನು" ಅಂತಾಳೆ. ಅವರದ್ರಲ್ಲಿ ಕೆಟ್ಟ ದಿನಗಳಿಗೇ ಮೊದ್ಲು ಸಹಿ ಹಾಕಿಸ್ಕೋತಾರೆ. ಎರಡರಲ್ಲಿ ನನಗೆ ಯಾವುದು ಹೆಚ್ಚು ಮನಸ್ಸಿಗೆ ಹಿಡಿಸ್ತು ಅಂದ್ರೆ, ಹೇಳ್ಬಿಡ್ತೀನಿ, ಚರ್ಚಿಂದೇ.

ಮಂಗಳೂರು ಕಡೆ ಕ್ಯಾಥೊಲಿಕ್ಕರಲ್ಲಿ ಹಿಂದಿನ ದಿನದ ರೋಸ್ ಇದೆಯಲ್ಲ, ತೆಂಗಿನ ಹಾಲು ಹಚ್ಚಿ ಹರಸೋದು, ಅದು ನಮ್ಮ ಅರಿಶಿನ ಎಣ್ಣೆಶಾಸ್ತ್ರದ ತಂಗಿ. ವೊವಿಯೊ ಹಾಡ್ತಾರೆ, ನಮ್ಮ ಸೋಬಾನೆ ಥರಾನೇ. ಒಂದು ಕಡೆಯವರು ಕ್ಯಾಥೊಲಿಕ್ ಅಲ್ಲ ಅಂದ್ರೆ ಬಿಷಪ್ಪರ ಅನುಮತಿ ಬೇಕು, ಮದುವೆ ತಯಾರಿ ಕೋರ್ಸ್ ಇರತ್ತೆ, ಮೂರು ಭಾನುವಾರ ಚರ್ಚಲ್ಲಿ ಹೆಸರು ಕೂಗ್ತಾರೆ, ಹಾಗಾಗಿ ಚೌಟ್ರಿಗೆ ಅಡ್ವಾನ್ಸ್ ಕೊಡೋಕೆ ಮುಂಚೆ ಫಾದರ್ ಹತ್ರ ಮಾತಾಡಿ.

ನಿಕಾಹ್‌ನಲ್ಲಿ ಮಾತು ಕಡಿಮೆ ತೂಕ ಜಾಸ್ತಿ. ಒಂದು ಕಡೆಯಿಂದ ಪ್ರಸ್ತಾಪ, ಇನ್ನೊಂದು ಕಡೆಯಿಂದ ಕುಬೂಲ್, ಸಾಕ್ಷಿಗಳು, ಮಹರ್ ಎಷ್ಟು ಅಂತ ಎಲ್ಲರ ಎದುರು ಹೇಳಿ ನಿಕಾಹ್‌ನಾಮಾದಲ್ಲಿ ಬರೀತಾರೆ. ಗಂಡಿನಿಂದ ಹೆಣ್ಣಿಗೆ ಸಲ್ಲಬೇಕಾದ ದುಡ್ಡನ್ನ ಮದುವೆ ಮಾತಿನ ಒಳಗೇ ಇಟ್ಟಿರೋದು ಇದೊಂದೇ. ಆಮೇಲಿನ ದುಆ ನಂಗೆ ಬಾಯಿಪಾಠ ಬರತ್ತೆ, ಪಕ್ಕದ ಮನೆ ಚಾಚಾ ಕಲಿಸಿದ್ದು, "ಬಾರಕಲ್ಲಾಹು ಲಕ ವ ಬಾರಕ ಅಲೈಕ ವ ಜಮಅ ಬೈನಕುಮಾ ಫೀ ಖೈರ್". ದೇವರು ನಿನ್ನನ್ನ ಹರಸಲಿ, ನಿಮ್ಮಿಬ್ರನ್ನ ಒಳ್ಳೇದರಲ್ಲಿ ಕೂಡಿಸಲಿ ಅಂತ. ನಿಕಾಹ್‌ಗೆ ಹೋದಾಗ "ಹ್ಯಾಪಿ ಮ್ಯಾರೀಡ್ ಲೈಫ್" ಬದಲು ಇದನ್ನ ಹೇಳಿ ನೋಡಿ, ಮದುಮಗನ ಅಪ್ಪ ನಿಮ್ಮನ್ನ ಬಿರಿಯಾನಿ ಮುಗಿಯೋ ತನಕ ಬಿಡಲ್ಲ.

ಸಬ್ ರಿಜಿಸ್ಟ್ರಾರ್ ಆಫೀಸಿನ ಒಂದೇ ಸಾಲು

ಧರ್ಮ ಬೇರೆ ಬೇರೆ, ಇಬ್ರೂ ಬದಲಾಗಲ್ಲ ಅನ್ನೋರಿಗೆ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದ್ರೂ ಕನಿಷ್ಠ 30 ದಿನ ಆ ಜಿಲ್ಲೇಲಿ ವಾಸ ಇರ್ಬೇಕು, ನೋಟಿಸ್ ಕೊಡ್ಬೇಕು, ಅದನ್ನ ಹಾಕಿ ಮತ್ತೆ 30 ದಿನ ಆಕ್ಷೇಪಣೆಗೆ ಕಾಯ್ಬೇಕು, ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗ್ಬೇಕು ಇಲ್ಲಾಂದ್ರೆ ಮತ್ತೆ ಮೊದಲಿಂದ. ಮನೇಲಿ ವಿರೋಧ ಇರೋರಿಗೆ ಆ ನೋಟಿಸ್ ಬೋರ್ಡೇ ದೊಡ್ಡ ತಲೆನೋವು, ಯಾರೋ ಪರಿಚಯದವರು ನೋಡಿ ಊರಿಗೆ ಫೋನ್ ಮಾಡಿರ್ತಾರೆ.

ಜನರಿಗೆ ಗೊತ್ತಿಲ್ಲದ ವಿಷಯ ಏನಂದ್ರೆ ಈ ಕಾಯ್ದೇಲೂ ಒಂದು ಪ್ರತಿಜ್ಞೆ ಇದೆ, ಬರೀ ಸಹಿ ಅಲ್ಲ. 12ನೇ ಸೆಕ್ಷನ್ ನೋಡಿ. ಮದುವೆ ಯಾವ ರೀತೀಲಿ ಬೇಕಾದ್ರೂ ಮಾಡ್ಕೊಳ್ಳಿ, ಆದ್ರೆ ಅಧಿಕಾರಿ ಮತ್ತು ಮೂರು ಜನ ಸಾಕ್ಷಿಗಳ ಎದುರು ಒಬ್ಬರಿಗೊಬ್ಬರು ನಾನು ನಿನ್ನನ್ನ ಕಾನೂನುಬದ್ಧ ಹೆಂಡತಿಯಾಗಿ, ಗಂಡನಾಗಿ ಸ್ವೀಕರಿಸ್ತೀನಿ ಅಂತ ಹೇಳೋ ತನಕ ಅದು ಪೂರ್ತಿ ಆಗಲ್ಲ. ಯಾವ ಭಾಷೇಲಿ? ಇಬ್ರಿಗೂ ಅರ್ಥ ಆಗೋ ಯಾವ ಭಾಷೇಲಾದ್ರೂ ಅಂತ ಕಾನೂನೇ ಹೇಳತ್ತೆ. ಮಂತ್ರಕ್ಕೆ ಇಲ್ಲದ ಷರತ್ತು ಸರ್ಕಾರಿ ಫಾರಂಗಿದೆ ನೋಡಿ, ಅರ್ಥ ಆಗ್ಬೇಕು ಅನ್ನೋದು. ಆಗಲೇ ಬೇರೆ ರೀತೀಲಿ ಮದುವೆ ಆಗಿರೋರೂ ಇದರಡಿ ದಾಖಲೆ ಮಾಡಿಸ್ಕೋಬಹುದು, ಅದಕ್ಕೂ 30 ದಿನದ ನೋಟಿಸ್ ಉಂಟು. ಇಂಗ್ಲೆಂಡಲ್ಲಿರೋ ಕನ್ನಡದೋರಿಗೆ ಈ ಸಾಲು ಪರಿಚಿತ ಅನ್ನಿಸತ್ತೆ, ಅಲ್ಲಿನ ರಿಜಿಸ್ಟ್ರಿ ಮದುವೇದೂ ಇದೇ ಧಾಟಿ, ಮತ್ತೆ ಅಲ್ಲಿ ಅದರೊಳಗೆ ಶ್ಲೋಕ ಗಿಶ್ಲೋಕ ಸೇರಿಸೋಕೆ ಬಿಡಲ್ಲ, ಅದನ್ನ ಬೇರೆಯಾಗೇ ಇಟ್ಕೋಬೇಕು.

ಬಂದೋರು ಏನು ಹೇಳೋದು

ಇದು ಸಣ್ಣ ವಿಷಯ, ಬೇಗ ಮುಗಿಸ್ತೀನಿ. "ಅಷ್ಟಪುತ್ರ ಸೌಭಾಗ್ಯವತೀ ಭವ" ಈಗ ಬೇಡ, ಮಕ್ಕಳ ವಿಷಯ ಅವರವರಿಗೆ ಬಿಟ್ಟಿದ್ದು, ಅದರಲ್ಲಿ ಯಾರ ನೋವು ಎಲ್ಲಿದೆ ಅಂತ ನಮಗೆ ಗೊತ್ತಿರಲ್ಲ. "ವರ್ಷದೊಳಗೆ ತೊಟ್ಟಿಲು ತೂಗಲಿ" ಅದರ ಅಕ್ಕ, ಅದೂ ಬೇಡ. "ದೀರ್ಘ ಸುಮಂಗಲೀ ಭವ" ಅನ್ನೋದು ಹೆಣ್ಣಿಗೆ ಹೇಳಿದ ಹಾಗಿದ್ರೂ ಹರಸೋದು ಗಂಡನ ಆಯುಸ್ಸನ್ನ, ಇಬ್ರಿಗೂ ಸೇರಿಸಿ "ನೂರ್ಕಾಲ ಚೆನ್ನಾಗಿ ಬಾಳಿ" ಅಂದ್ರೆ ಎಲ್ಲ ಬಂತು. ವಚನದ ಮದುವೇಲಿ "ಶರಣು ಶರಣಾರ್ಥಿ" ಅಂದ್ರೆ ಚಂದ. ಕೊಡವರ ಮದುವೆಗೆ ಹೋದ್ರೆ ಮಾತು ಬೇಡ, ಜೇಬಲ್ಲಿ ಚಿಲ್ಲರೆ ನೋಟು ಇರಲಿ. ಮಂತ್ರಮಾಂಗಲ್ಯಕ್ಕೆ ಉಡುಗೊರೆ ಬೇಡ ಅಂದಿದ್ರೆ ನಿಜವಾಗ್ಲೂ ಬೇಡ ಅಂತ ಅರ್ಥ, ಮಿಕ್ಕ ಮದುವೆಗಳಲ್ಲಿ "ಆಶೀರ್ವಾದವೇ ಉಡುಗೊರೆ" ಅಂತ ಕಾರ್ಡಲ್ಲಿ ಇದ್ರೂ ಮುಯ್ಯಿ ಬರೆಯೋರು ಪುಸ್ತಕ ಇಟ್ಕೊಂಡು ಬಾಗಿಲಲ್ಲೇ ಕೂತಿರ್ತಾರೆ.

ಎಲ್ಲಾ ಥರದ ಮದುವೆಗೂ ಸೇರೋ ಒಂದು ಐಟಂ ಅಂದ್ರೆ ಉತ್ತರ ಕರ್ನಾಟಕದ ಒಡಪು. ಹೆಣ್ಣು ಗಂಡನ ಹೆಸರನ್ನ ಪ್ರಾಸದಲ್ಲಿ ಸೇರಿಸಿ ಹೇಳೋದು, ಹೇಳೋ ತನಕ ಮನೆ ಒಳಗೆ ಬಿಡಲ್ಲ. ಹುಬ್ಬಳ್ಳಿ ಸ್ನೇಹಿತನ ಮದುವೇಲಿ ನಾವು ಉಲ್ಟಾ ಮಾಡಿ ಗಂಡಿಗೂ ಹೇಳಿಸಿದ್ವಿ. ಹಿಂದಿನ ರಾತ್ರಿ ಎಲ್ಲ ಸೇರಿ ಕಟ್ಟಿಕೊಟ್ಟಿದ್ದು, "ಬೆಳಗಾವಿ ಕುಂದಾ, ಧಾರವಾಡ ಪೇಡೆ, ಗೋಕಾಕ ಕರದಂಟ ಯಾವ್ದೂ ಬ್ಯಾಡ, ನಮ್ಮ ಮನಿಯಾಕಿ ಕೈಯಾಗಿನ ಚಾ ಇದ್ರ ಸಾಕ ನೋಡ". ಅವಳು ತಕ್ಷಣ "ಚಾ ನೀವ ಮಾಡ್ರಿ" ಅಂದ್ಲು. ಆ ಮದುವೇಲಿ ಜನಕ್ಕೆ ನೆನಪಿರೋ ಪ್ರತಿಜ್ಞೆ ಅದೊಂದೇ.

ಕೊನೆಗೆ ನಮ್ಮ ಮನೆಯವರು ಆರಿಸ್ಕೊಂಡಿದ್ದು

ಹೋದ ವರ್ಷ ಚಿಕ್ಕಮ್ಮನ ಮಗಳ ಮದುವೆ, ಹುಡುಗ ಮಂಗಳೂರು ಕಡೆ ಕ್ಯಾಥೊಲಿಕ್. ಮೂರು ತಿಂಗಳು ಚರ್ಚೆ. ಚರ್ಚಾ, ಚೌಟ್ರಿನಾ, ಎರಡೂನಾ? ಅವಳಿಗೆ ಕನ್ಯಾದಾನ ಅನ್ನೋ ಪದಾನೇ ಬೇಡ, "ಅಣ್ಣಾ ನಾನೇನು ಸೈಟಾ ದಾನ ಕೊಡೋಕೆ" ಅಂತಾಳೆ, ಅವನಿಗೆ ಅವಳು ಯಾವುದಕ್ಕೂ ಬಲವಂತಕ್ಕೆ ಒಪ್ಕೋಬಾರ್ದು. ಕೊನೆಗೆ ಹೀಗೆ ತೀರ್ಮಾನ ಆಯ್ತು: ರೋಸ್ ಅವರ ಮನೇಲಿ, ಮದುವೆ ರಿಜಿಸ್ಟ್ರಾರ್ ಆಫೀಸಲ್ಲಿ, ಸಂಜೆ ಎಲ್ಲರಿಗೂ ಊಟ.

ಆಫೀಸಲ್ಲಿ ಅವರ ಹತ್ರ ಇದ್ದ ಪ್ರಿಂಟೌಟು ಇಂಗ್ಲಿಷ್‌ದು. ಇವಳು "ಕನ್ನಡದಲ್ಲಿ ಹೇಳ್ಬೋದಾ ಸಾರ್" ಅಂದ್ಲು. ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, "ಹೇಳಮ್ಮ, ಯಾರೂ ಕೇಳಲ್ಲ ನೋಡು ಇಲ್ಲಿ" ಅಂದ್ರು. ಹೇಳಿದ್ಲು. ಅವನೂ ಮಂಗಳೂರು ಕನ್ನಡದಲ್ಲಿ ಹೇಳಿದ. ಹನ್ನೆರಡು ಸೆಕೆಂಡೂ ಆಗ್ಲಿಲ್ಲ. ಫ್ಯಾನ್ ಶಬ್ದ ಬಿಟ್ರೆ ಏನೂ ಇರ್ಲಿಲ್ಲ, ಹಾಗಾಗಿ ಒಂದೊಂದು ಅಕ್ಷರಾನೂ ಕೇಳಿಸ್ತು.

ಹೊರಗೆ ಬಂದ್ವಿ. ಚಿಕ್ಕಮ್ಮ ನನ್ನ ತೋಳು ಹಿಡ್ದು "ಇಷ್ಟೇನಾ ಮಗಾ?" ಅಂದ್ರು. ಇಷ್ಟೇ ಚಿಕ್ಕಮ್ಮ ಅಂದೆ. ಅವರು ಏನೂ ಹೇಳ್ದೆ ಬ್ಯಾಗಿಂದ ಒಂದು ತೆಂಗಿನಕಾಯಿ, ಸ್ಟೀಲ್ ಡಬ್ಬಿ, ಸಣ್ಣ ಬೆಳ್ಳಿ ಚೊಂಬು ತೆಗೆದ್ರು. ಡಬ್ಬೀಲಿ ಹಾಲಿತ್ತು, ಬೆಳಗ್ಗೆ ಮನೇಲೇ ಕಾಯಿಸಿ ಆರಿಸಿ ತಂದಿದ್ರು. ಪಾರ್ಕಿಂಗಲ್ಲಿ ಎರಡು ಸ್ಕೂಟರ್ ಮಧ್ಯೆ ಇಬ್ಬರ ಕೈ ಜೋಡಿಸಿ ಕಾಯಿ ಇಟ್ಟು ಚಿಕ್ಕಪ್ಪನೂ ಅವರೂ ಧಾರೆ ಹುಯ್ದ್ರು, ಆಮೇಲೆ ಹುಡುಗನ ಅಮ್ಮನ ಕೈಗೆ ಚೊಂಬು ಕೊಟ್ರು. ಆಯಮ್ಮಂಗೆ ಹೇಗೆ ಹಿಡಿಯೋದು ಗೊತ್ತಾಗ್ಲಿಲ್ಲ, ಚಿಕ್ಕಮ್ಮನೇ ಅವರ ಕೈ ಮೇಲೆ ಕೈ ಇಟ್ಟು ವಾಲಿಸಿದ್ರು. ಸೆಕ್ಯುರಿಟಿಯವರು ಓಡಿ ಬಂದು, ನೋಡಿ, ಟೋಪಿ ತೆಗೆದು ಪಕ್ಕಕ್ಕೆ ನಿಂತ್ಕೊಂಡ್ರು, ಎಲ್ಲ ಮುಗಿದ ಮೇಲೆ "ಇಲ್ಲಿ ಇರುವೆ ಬರತ್ತಮ್ಮ, ಸ್ವಲ್ಪ ನೀರು ಹುಯ್ದು ಹೋಗಿ" ಅಂದ್ರು.